ವಿಡಿಯೊ ನೋಡಿ ಚೆಸ್ ಕಲಿಯುವುದು ಹೇಗೆ: ಕೋಚ್ ಇಲ್ಲದ ಊರಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ ಸುತ್ತಿನ ನಮ್ಮ ಹಳ್ಳಿ ಕಡೆ ಚೆಸ್ ಕಲಿಸುವವರು ಅಂತ ಯಾರೂ ಇಲ್ಲ. ಕ್ಲಾಸು ಬೇಕು ಅಂದರೆ ಶಿವಮೊಗ್ಗಕ್ಕೆ ಹೋಗಬೇಕು. ಸುಮಾರು 60 ಕಿಲೋಮೀಟರ್, ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಹಾಗಾಗಿ ನನಗೂ ನನ್ನ ಅಕ್ಕನ ಮಗಳಿಗೂ ಯೂಟ್ಯೂಬೇ ಗುರು. ಮೂರು ವರ್ಷದ ಹಿಂದೆ ಇಬ್ಬರೂ ಒಟ್ಟಿಗೆ ಶುರು ಮಾಡಿದೆವು. ಆಗ ಅವಳಿಗೆ 9, ನನಗೆ 34.

ಮೊದಲ ವರ್ಷ ಏನೂ ಮುಂದೆ ಹೋಗಲಿಲ್ಲ. ರಾತ್ರಿ ಊಟ ಆದ ಮೇಲೆ ಒಂದೂವರೆ ಗಂಟೆ ವಿಡಿಯೊ ನೋಡುತ್ತಿದ್ದೆವು, ನೋಡುವಾಗ ಎಲ್ಲಾ ಅರ್ಥ ಆಗುತ್ತಿತ್ತು, ಆದರೆ ಆಡಲು ಕೂತರೆ ಅದೇ ತಪ್ಪು, ಅದೇ ಸೋಲು. ಹೇಳುವವರು ಅಷ್ಟು ಚೆನ್ನಾಗಿ ಹೇಳುತ್ತಾರೆ ನೋಡಿ, ಅವರ ತಿಳುವಳಿಕೆ ನಮ್ಮದೇ ಅನ್ನಿಸಿಬಿಡುತ್ತದೆ. ಕೊನೆಗಾರ ಅಡಿಕೆ ಮರ ಹತ್ತುವುದನ್ನು ಕೆಳಗೆ ನಿಂತು ಎಷ್ಟು ವರ್ಷ ನೋಡಿದರೂ ನಮಗೆ ಮರ ಹತ್ತಲು ಬರುವುದಿಲ್ಲ, ಅಲ್ವಾ? ಇದೂ ಹಾಗೇ.

ಬದಲಾವಣೆ ಬಂದದ್ದು ವಿಡಿಯೊ ನಿಲ್ಲಿಸಲು ಕಲಿತ ಮೇಲೆ. ಈ ಬರಹ ಪೂರ್ತಿ ಅದರ ಬಗ್ಗೆಯೇ.

ವಿಶ್ವನಾಥನ್ ಆನಂದ್ ಚಿಕ್ಕವರಿದ್ದಾಗಿನ ಒಂದು ವಿಷಯ ಇಲ್ಲಿ ಹೇಳಬೇಕು. 1970ರ ದಶಕದ ಕೊನೆಯಲ್ಲಿ ಅವರ ಮನೆಯವರು ಫಿಲಿಪೀನ್ಸ್‌ನ ಮನಿಲಾದಲ್ಲಿದ್ದರು. ಅಲ್ಲಿ ಮಧ್ಯಾಹ್ನ ಟಿವಿಯಲ್ಲಿ ಒಂದು ಚೆಸ್ ಕಾರ್ಯಕ್ರಮ ಬರುತ್ತಿತ್ತು. ಆ ಹೊತ್ತಿಗೆ ಆನಂದ್ ಶಾಲೆಯಲ್ಲಿರುತ್ತಿದ್ದರು. ಅವರ ತಾಯಿ ಸುಶೀಲಾ ಅದನ್ನು ನೋಡಿ ಆಟಗಳನ್ನೂ ಪಜಲ್‌ಗಳನ್ನೂ ಬರೆದಿಡುತ್ತಿದ್ದರು. ಸಂಜೆ ತಾಯಿ ಮಗ ಕೂತು ಬಿಡಿಸಿ ಉತ್ತರ ಕಳಿಸುತ್ತಿದ್ದರು. ಬಹುಮಾನ ಚೆಸ್ ಪುಸ್ತಕ. ಎಷ್ಟು ಸಲ ಗೆದ್ದರೆಂದರೆ, ಕೊನೆಗೆ ಕಾರ್ಯಕ್ರಮದವರೇ ಬೇಕಾದಷ್ಟು ಪುಸ್ತಕ ತೆಗೆದುಕೊಂಡು ಹೋಗು, ಇನ್ನು ಉತ್ತರ ಮಾತ್ರ ಕಳಿಸಬೇಡ ಅಂದರಂತೆ. ಆ ಹುಡುಗ ಕಾರ್ಯಕ್ರಮ ನೋಡುತ್ತಲೇ ಇರಲಿಲ್ಲ. ಅವನ ಕೈಗೆ ಬರುತ್ತಿದ್ದದ್ದು ಉತ್ತರ ಇಲ್ಲದ ಪ್ರಶ್ನೆ ಮಾತ್ರ. ನಾವು ಮೊಬೈಲಿನಲ್ಲಿ ನೋಡುವಾಗ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದುಬಿಡುತ್ತದೆ. ಅದನ್ನು ತಡೆಯುವ ಕೆಲಸ ನಮ್ಮದೇ.

ಮೊಬೈಲಿಗಿಂತ ಮೊದಲು ಬೋರ್ಡು

ಒಂದು ನಿಜವಾದ ಬೋರ್ಡು ಇಟ್ಟುಕೊಳ್ಳಿ. ಮಡಚುವ ಮರದ್ದೋ, ಸುರುಳಿ ಸುತ್ತುವ ಪ್ಲಾಸ್ಟಿಕ್ಕಿನದೋ, ಯಾವುದಾದರೂ ಸರಿ. ನಮ್ಮ ಮನೆಯ ಸೆಟ್ಟಿನಲ್ಲಿ ಎರಡು ಕಾಲಾಳು ಕಳೆದುಹೋಗಿ ವರ್ಷವಾಯಿತು, ಅವುಗಳ ಜಾಗದಲ್ಲಿ ಎರಡು ಗೋಟಡಿಕೆ ಇಟ್ಟಿದ್ದೇವೆ, ಆಟಕ್ಕೆ ಏನೂ ತೊಂದರೆ ಇಲ್ಲ. ಕೈಯಲ್ಲಿ ಕಾಯಿ ಎತ್ತಿ ಇಟ್ಟಾಗ ಕಣ್ಣು ಬೋರ್ಡಿನ ಎಲ್ಲಾ ಮೂಲೆಗೂ ಹೋಗುತ್ತದೆ. ಸಣ್ಣ ಪರದೆ ಮೇಲೆ ಬೆರಳಿಟ್ಟಾಗ ಬೆರಳು ಇರುವ ಜಾಗ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಇಡುವಾಗ ನಿಮ್ಮ ಬಲಗೈ ಕಡೆಯ ಮೂಲೆ ಮನೆ ಬಿಳಿಯದಾಗಿರಬೇಕು. ಮಂತ್ರಿ ತನ್ನ ಬಣ್ಣದ ಮನೆಯಲ್ಲೇ ನಿಲ್ಲಬೇಕು, ಬಿಳಿ ಮಂತ್ರಿ ಬಿಳಿ ಮನೆ, ಕಪ್ಪು ಮಂತ್ರಿ ಕಪ್ಪು ಮನೆ. ವಿಡಿಯೊಗಳಲ್ಲಿ ಇದನ್ನೇ ಕ್ವೀನ್ ಅನ್ನುತ್ತಾರೆ. ನಮ್ಮ ಆನೆ ಅವರ ರೂಕ್, ನಮ್ಮ ಒಂಟೆ ಅವರ ಬಿಷಪ್, ಕುದುರೆ ಅಂದರೆ ನೈಟ್, ಕಾಲಾಳು ಅಂದರೆ ಪಾನ್. ಬೆಲೆ ಲೆಕ್ಕ ಹೀಗಿದೆ: ಕಾಲಾಳು 1, ಕುದುರೆ 3, ಒಂಟೆ 3, ಆನೆ 5, ಮಂತ್ರಿ 9. ಕೊಟ್ಟು ತೆಗೆದುಕೊಳ್ಳುವಾಗ ಈ ಲೆಕ್ಕ ಬಾಯಲ್ಲೇ ಇರಬೇಕು.

ಮನೆಯಲ್ಲಿ ಕಲಿತ ನಿಯಮ ಬೇರೆ ಇರಬಹುದು

ಅಜ್ಜನ ಹತ್ತಿರವೋ ದೊಡ್ಡಪ್ಪನ ಹತ್ತಿರವೋ ಚದುರಂಗ ಕಲಿತವರು ಇಲ್ಲಿ ಒಂದು ನಿಮಿಷ ನಿಲ್ಲಿ. ಹಳೆಯ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು. ರಾಜ ಒಂದೇ ಒಂದು ಸಲ ಕುದುರೆ ನಡೆ ನಡೆಯಬಹುದಿತ್ತು. ಕಾಲಾಳು ಕೊನೆ ಮುಟ್ಟಿದರೆ ಆ ಸಾಲಿಗೆ ಯಾವ ಕಾಯಿ ಸೇರಿದ್ದೋ ಅದೇ ಆಗಬೇಕು ಅಂತ ಆಡುವ ಮನೆಗಳೂ ಇವೆ. ಈಗ ಎಲ್ಲಾ ಕಡೆ ಆಡುವ ಆಟದಲ್ಲಿ ಕಾಲಾಳು ಮೊದಲ ಸಲ ಎರಡು ಮನೆ ಹಾರಬಹುದು, ಕೊನೆ ಮುಟ್ಟಿದರೆ ಮಂತ್ರಿ, ಆನೆ, ಒಂಟೆ, ಕುದುರೆ ಇವುಗಳಲ್ಲಿ ಯಾವುದು ಬೇಕಾದರೂ ಆಗಬಹುದು. ನಿಮ್ಮ ಮಂತ್ರಿ ಬದುಕಿದ್ದರೂ ಇನ್ನೊಂದು ಮಂತ್ರಿ ಬರಬಹುದು.

ಎರಡು ನಿಯಮಕ್ಕೆ ಒಂದೊಂದು ಚಿಕ್ಕ ವಿಡಿಯೊ ನೋಡಿಬಿಡಿ. ಒಂದು ಕ್ಯಾಸ್ಲಿಂಗ್, ಅಂದರೆ ರಾಜ ಆನೆಯ ಕಡೆ ಎರಡು ಮನೆ ಸರಿದು ಆನೆ ಅವನ ಆಚೆ ಪಕ್ಕಕ್ಕೆ ಬರುವ ನಡೆ. ಇನ್ನೊಂದು ಆಂಪಸಾಂ, ಅಂದರೆ ಎರಡು ಮನೆ ಹಾರಿ ಪಕ್ಕಕ್ಕೆ ಬಂದು ನಿಂತ ಕಾಲಾಳನ್ನು ಮರು ನಡೆಯಲ್ಲೇ ಕಾಲಾಳಿನಿಂದ ಹೊಡೆಯುವುದು. ಆಂಪಸಾಂ ಗೊತ್ತಿಲ್ಲದಿದ್ದರೆ ಯಾವುದೋ ಒಂದು ದಿನ ಎದುರಿನವರು ನಿಮ್ಮ ಕಾಲಾಳನ್ನು ಎತ್ತಿಕೊಂಡಾಗ ಮೋಸ ಮಾಡಿದರು ಅನ್ನಿಸುತ್ತದೆ.

ಮನೆಗಳ ಹೆಸರು ಬಾಯಿಪಾಠ ಆಗಲಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆಮೇಲೆ ವಿಡಿಯೊ ವೇಗವಾಗಿ ಹೋಯಿತು ಅಂತ ದೂರುತ್ತಾರೆ. ಉದ್ದ ಸಾಲುಗಳಿಗೆ ಬಿಳಿಯವರ ಎಡದಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಅಡ್ಡ ಸಾಲುಗಳಿಗೆ ಬಿಳಿಯವರ ಕಡೆಯಿಂದ 1ರಿಂದ 8. ಬಿಳಿ ರಾಜ ನಿಲ್ಲುವುದು ಇ1, ಕಪ್ಪು ರಾಜ ಇ8. ಹೇಳುವವರು "ನೈಟ್ ಎಫ್3" ಅಂದ ಕೂಡಲೇ ನಿಮ್ಮ ಕೈ ತಾನಾಗಿ ಆ ಮನೆಗೆ ಹೋಗಬೇಕು.

ಒಂದು ವಾರ ಹೀಗೆ ಮಾಡಿ. ಖಾಲಿ ಬೋರ್ಡಿನ ಮೇಲೆ ಒಂದೇ ಕುದುರೆ ಇಟ್ಟು ಎ1ರಿಂದ ಎಚ್8ಕ್ಕೆ ಮನೆಗಳ ಹೆಸರು ಬಾಯಲ್ಲಿ ಹೇಳುತ್ತಾ ಕರೆದುಕೊಂಡು ಹೋಗಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕುದುರೆ ಆಟದ ಹುಚ್ಚು ಎಷ್ಟಿತ್ತೆಂದರೆ, ಒಂದು ಮನೆಗೂ ಎರಡು ಸಲ ಕಾಲಿಡದೆ 64 ಮನೆಯನ್ನೂ ಸುತ್ತಿ ಬರುವ ದಾರಿಗಳನ್ನೇ ಅವರು ರಚಿಸಿದ್ದರು. ನಮಗೆ ಅಷ್ಟು ಬೇಡ. ಕುದುರೆ ಮೂರು ನಡೆಯಲ್ಲಿ ಎಲ್ಲಿಗೆ ಮುಟ್ಟುತ್ತದೆ ಅಂತ ಕಣ್ಣಿಗೆ ಕಂಡರೆ ಸಾಕು.

ಯಾವ ವಿಡಿಯೊ ನೋಡಬೇಕು, ಯಾವುದು ಬೇಡ

ಮೊದಲು ಬೇಡದ್ದು ಹೇಳುತ್ತೇನೆ. "ಎಂಟೇ ನಡೆಯಲ್ಲಿ ಗೆಲ್ಲಿ", "ಈ ಬಲೆಗೆ ಎಲ್ಲರೂ ಬೀಳುತ್ತಾರೆ" ಅನ್ನುವ ವಿಡಿಯೊಗಳಿಂದ ದೂರ ಇರಿ. ಅವು ಸುಳ್ಳಲ್ಲ, ಆದರೆ ಎದುರಿನವರು ಅವರು ಹೇಳಿದ ತಪ್ಪನ್ನೇ ಮಾಡಬೇಕು. ಮಾಡದಿದ್ದರೆ ಒಂಬತ್ತನೇ ನಡೆಗೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ನಮ್ಮ ಮನೆಯಲ್ಲೇ ಇದು ಆಯಿತು. ಬಿಳಿಯವರು ಇ4 (ಬರೀ ಮನೆಯ ಹೆಸರು ಅಂದರೆ ಕಾಲಾಳಿನ ನಡೆ), ಒಂಟೆ ಸಿ4, ಮಂತ್ರಿ ಎಚ್5 ಅಂತ ಬಂದು ಎಫ್7ರ ಕಾಲಾಳನ್ನು ಹೊಡೆದು ಮೇಟ್ ಮಾಡುವುದು, ಅಂದರೆ ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಹಾಗೆ ಹಿಡಿದು ಆಟ ಮುಗಿಸುವುದು, ಎಲ್ಲರಿಗೂ ಗೊತ್ತಿರುವ ಆಟ. ಎಫ್7ಕ್ಕೆ ಆರಂಭದಲ್ಲಿ ರಾಜನ ಕಾವಲು ಮಾತ್ರ ಇರುತ್ತದೆ, ಅದಕ್ಕೇ ಅದು ದುರ್ಬಲ. ಇದಕ್ಕೆ ಉತ್ತರ ಜಿ6 ಅಂತ ನನ್ನ ಅಕ್ಕನ ಮಗಳು ಒಂದು ವಿಡಿಯೊದಲ್ಲಿ ನೋಡಿದ್ದಳು. ಕಾಲಾಳು ಜಿ6ಕ್ಕೆ ಬಂದು ಮಂತ್ರಿಯನ್ನು ಓಡಿಸುತ್ತದೆ, ಮಂತ್ರಿ ಎಫ್3ಕ್ಕೆ ಹೋಗಿ ಮತ್ತೆ ಹೆದರಿಸಿದರೆ ಕುದುರೆ ಎಫ್6. ಸರಿಯಾದ ಉತ್ತರವೇ. ಆದರೆ ಆ ದಿನ ಎದುರಿನವನು ಎರಡನೇ ನಡೆಗೇ ಮಂತ್ರಿಯನ್ನು ಎಚ್5ಕ್ಕೆ ತಂದ. ಇವಳು ಕೂಡಲೇ ಜಿ6 ಆಡಿದಳು. ಅವನ ಮಂತ್ರಿ ಇ5ರಲ್ಲಿದ್ದ ಇವಳ ಕಾಲಾಳನ್ನು ಹೊಡೆದು ರಾಜನಿಗೆ ಚೆಕ್ ಕೊಟ್ಟಿತು, ಅಂದರೆ ನೇರ ರಾಜನ ಮೇಲೇ ದಾಳಿ, ಅದೇ ಹೊತ್ತಿಗೆ ಎಚ್8ರ ಆನೆಯ ಮೇಲೂ ಕಣ್ಣಿಟ್ಟಿತು. ಆನೆ ಹೋಯಿತು. ವಿಡಿಯೊದಲ್ಲಿ ಜಿ6ಕ್ಕಿಂತ ಮೊದಲು ಕುದುರೆ ಸಿ6ಕ್ಕೆ ಬಂದು ಇ5ನ್ನು ಕಾಯುತ್ತಾ ಇತ್ತು, ಅದನ್ನು ಇವಳು ಗಮನಿಸಿರಲಿಲ್ಲ. ನಡೆ ನೆನಪಿತ್ತು, ಕಾರಣ ನೆನಪಿರಲಿಲ್ಲ. ಇದನ್ನು ಬೋರ್ಡಿನ ಮೇಲೆ ಎರಡೂ ರೀತಿ ಇಟ್ಟು ನೋಡಿ, ಈ ಒಂದು ಉದಾಹರಣೆಯಲ್ಲಿ ಬಹಳ ಇದೆ.

ಇನ್ನು ನೋಡಬೇಕಾದದ್ದು. ಹೊಸಬರಿಗೆ ಅತ್ಯಂತ ಉಪಯೋಗದ್ದು ಅಂದರೆ ಒಳ್ಳೆಯ ಆಟಗಾರರು ಕೆಳಗಿನ ರೇಟಿಂಗ್‌ನಿಂದ (ಆಟಗಾರರ ಮಟ್ಟ ತೋರಿಸುವ ಅಂಕೆ) ಶುರು ಮಾಡಿ, ಪ್ರತಿ ನಡೆಗೂ ಯಾಕೆ ಅಂತ ಬಾಯಿಬಿಟ್ಟು ಹೇಳುತ್ತಾ ಮೇಲೆ ಹೋಗುವ ಸರಣಿಗಳು. 2025ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ನರೋಡಿಟ್ಸ್ಕಿ ಇಂಥ ಸರಣಿಗಳನ್ನು ಬಿಟ್ಟುಹೋಗಿದ್ದಾರೆ. ಅವರಷ್ಟು ತಾಳ್ಮೆಯಿಂದ ಕಲಿಸಿದವರನ್ನು ನಾನು ಬೇರೆ ನೋಡಿಲ್ಲ. ಚೆಸ್‌ಬ್ರಾ ಚಾನೆಲ್‌ನಲ್ಲಿ ಅಮನ್ ಹ್ಯಾಂಬಲ್ಟನ್ ಮಾಡಿರುವ ಸರಣಿ ಇನ್ನೂ ಸರಳ, ಅಲ್ಲಿ ಅವರು ಹೊಸಬರ ಮಟ್ಟಕ್ಕೆ ಕೆಲವೇ ನಿಯಮ ಇಟ್ಟುಕೊಂಡು ಆಡಿ ತೋರಿಸುತ್ತಾರೆ. ಸೇಂಟ್ ಲೂಯಿಸ್ ಚೆಸ್ ಕ್ಲಬ್ಬಿನ ಪಾಠಗಳು ತರಗತಿಯಲ್ಲಿ ಕೂತ ಹಾಗೆ ಇರುತ್ತವೆ. ಕ್ರೊಯೇಷಿಯಾದ ಅಗದ್‌ಮೇಟರ್ ಚಾನೆಲ್‌ನವರು ದೊಡ್ಡ ಆಟಗಾರರ ಆಟಗಳನ್ನು ಕಥೆಯ ಹಾಗೆ ಹೇಳುತ್ತಾರೆ, ಮುಖ್ಯ ಜಾಗ ಬಂದಾಗ ವಿಡಿಯೊ ನಿಲ್ಲಿಸಿ ನೀವೇ ಹುಡುಕಿ ಅಂತ ಅವರೇ ಹೇಳುತ್ತಾರೆ. ಹೇಳಿದಾಗ ನಿಜವಾಗಿಯೂ ನಿಲ್ಲಿಸಿ.

ಟೂರ್ನಮೆಂಟ್ ಸುದ್ದಿ, ಸಂದರ್ಶನ, ನೇರ ಪ್ರಸಾರ ಇವೆಲ್ಲ ಉತ್ಸಾಹಕ್ಕೆ ಒಳ್ಳೆಯದು. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಾಗ ನಮ್ಮ ಮನೆಯಲ್ಲಿ ಹಬ್ಬದ ಹಾಗಿತ್ತು. ಆದರೆ ಅದನ್ನು ಕಲಿಕೆಯ ಹೊತ್ತಿಗೆ ಸೇರಿಸಬೇಡಿ, ಬೇರೆ ಸಮಯದಲ್ಲಿ ನೋಡಿ.

ಒಂದೇ ಸಲ ಐದು ಚಾನೆಲ್ ಹಿಡಿಯಬೇಡಿ. ಒಬ್ಬರನ್ನು ಆರಿಸಿ ಮೂರು ತಿಂಗಳು ಅವರ ಜೊತೆಯೇ ಇರಿ.

ವಿಡಿಯೊ ನೋಡುವ ಕ್ರಮ

ಹದಿನೈದು ನಿಮಿಷದ ವಿಡಿಯೊ ನೋಡಲು ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ಹಿಡಿಯದಿದ್ದರೆ ಎಲ್ಲೋ ತಪ್ಪಿದ್ದೀರಿ ಅಂತ ತಿಳಿದುಕೊಳ್ಳಿ. ದಿನಕ್ಕೆ ಒಂದೇ ವಿಡಿಯೊ, ಅದು ಮುಗಿದ ತಕ್ಷಣ ಮುಂದಿನದು ತಾನಾಗಿ ಓಡದ ಹಾಗೆ ಆಟೋಪ್ಲೇ ಆಫ್ ಮಾಡಿಡಿ.

ಪಕ್ಕದಲ್ಲಿ ಬೋರ್ಡು, ಒಂದು ನೋಟ್‌ಬುಕ್, ಪೆನ್ನು. ವಿಡಿಯೊದಲ್ಲಿ ಯಾವ ನಡೆ ನಡೆಯುತ್ತದೋ ಅದನ್ನು ಬೋರ್ಡಿನ ಮೇಲೆ ನೀವೂ ನಡೆಸುತ್ತಾ ಹೋಗಿ. ಹೇಳುವವರು ಸ್ವಲ್ಪ ನಿಧಾನಿಸಿದರು, ಬಾಣದ ಗುರುತು ಹಾಕಲು ಹೊರಟರು, ಇಲ್ಲಿ ಏನು ಆಡಬೇಕು ಅಂತ ಕೇಳಿದರು ಅಂದರೆ ಅಲ್ಲೇ ನಿಲ್ಲಿಸಿ. ಅವರ ಮುಂದಿನ ಮಾತು ಬಾಯಿಂದ ಹೊರಡುವ ಮೊದಲೇ ನಿಲ್ಲಿಸಬೇಕು. ತಡವಾಗಿ ಉತ್ತರ ಕಿವಿಗೆ ಬಿದ್ದರೆ ಆ ಜಾಗ ಹಾಳಾಯಿತು, ಅದನ್ನು ಬಿಟ್ಟು ಮುಂದಿನ ಜಾಗಕ್ಕೆ ಕಾಯಿರಿ.

ಮೊಬೈಲ್ ಬೋರಲಾಗಿ ಇಡಿ. ಎರಡರಿಂದ ಐದು ನಿಮಿಷ ಬೋರ್ಡು ನೋಡಿ. ನಿಮ್ಮ ನಡೆ ಯಾವುದು, ಅದಕ್ಕೆ ಎದುರಿನವರ ಉತ್ತರ ಏನು ಇರಬಹುದು, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮನಸ್ಸಿನಲ್ಲೇ ಇಟ್ಟುಕೊಂಡರೆ ಆಗುವುದಿಲ್ಲ, ಯಾಕೆಂದರೆ ಉತ್ತರ ಕೇಳಿದ ಕೂಡಲೇ ನಾನೂ ಅದನ್ನೇ ಅಂದುಕೊಂಡಿದ್ದೆ ಅಂತ ಮನಸ್ಸು ಹೇಳಿಬಿಡುತ್ತದೆ. ಬರೆದದ್ದು ಹಾಗೆ ಬದಲಾಗುವುದಿಲ್ಲ.

ಆಮೇಲೆ ವಿಡಿಯೊ ಮುಂದುವರಿಸಿ. ನಿಮ್ಮ ನಡೆಯೂ ಅವರದೂ ಒಂದೇ ಆದರೆ ಕಾರಣವೂ ಒಂದೇನಾ ನೋಡಿ. ಬೇರೆ ಆದರೆ ಇನ್ನೂ ಒಳ್ಳೆಯದು, ಕಲಿಯುವುದು ಇರುವುದೇ ಅಲ್ಲಿ. ಮತ್ತೆ ನಿಲ್ಲಿಸಿ, ನಿಮ್ಮ ನಡೆಯನ್ನು ಬೋರ್ಡಿನ ಮೇಲೆ ಆಡಿ, ಅದನ್ನು ನೀವೇ ಎದುರಿನವರಾಗಿ ಸೋಲಿಸಲು ನೋಡಿ. ಅದು ಯಾಕೆ ತಪ್ಪು ಅಂತ ನಿಮ್ಮ ಕೈಯಲ್ಲೇ ಸಿಕ್ಕಿದರೆ ಆ ತಪ್ಪು ಮತ್ತೆ ಬರುವುದು ಕಡಿಮೆ.

ವಿಡಿಯೊ ಮುಗಿದ ಮೇಲೆ ಮೊಬೈಲ್ ಪಕ್ಕಕ್ಕಿಟ್ಟು ಆ ಆಟವನ್ನು ಮೊದಲಿನಿಂದ ನೆನಪಿನಿಂದಲೇ ಬೋರ್ಡಿನ ಮೇಲೆ ಆಡಿ ನೋಡಿ. ಎಲ್ಲಿ ನೆನಪು ತಪ್ಪುತ್ತದೋ ಅಲ್ಲಿನ ನಡೆ ನಿಮಗೆ ಅರ್ಥ ಆಗಿರಲಿಲ್ಲ ಅಂತಲೇ ಲೆಕ್ಕ, ಅಷ್ಟು ಭಾಗ ಮಾತ್ರ ಮತ್ತೆ ನೋಡಿ. ಕೊನೆಗೆ ಒಂದೇ ಒಂದು ವಾಕ್ಯ ಬರೆಯಿರಿ. ನನ್ನ ನೋಟ್‌ಬುಕ್ಕಿನಲ್ಲಿ ಇಂಥವು ಇವೆ: "ರಾಜ, ಮಂತ್ರಿ ಒಂದೇ ಗೆರೆಯಲ್ಲಿ ನಿಂತರೆ ಅಲ್ಲಿ ಏನಾದರೂ ಇದೆಯಾ ನೋಡು." "ಗೆಲ್ಲುತ್ತಿರುವಾಗ ಕಾಯಿ ಬದಲಾಯಿಸು, ಸೋಲುತ್ತಿರುವಾಗ ಬದಲಾಯಿಸಬೇಡ." ನಾಲ್ಕು ದಿನ ಬಿಟ್ಟು ಅದೇ ವಿಡಿಯೊ ಇನ್ನೊಂದು ಸಲ ನೋಡಿ. ಮೊದಲ ಸಲ ಕೇಳಿಸದೇ ಇದ್ದ ಮಾತುಗಳು ಈಗ ಕೇಳಿಸುತ್ತವೆ.

ಕಂಪ್ಯೂಟರಿನಲ್ಲಿ ನೋಡುವವರಿಗೆ ಸ್ಪೇಸ್ ಬಾರ್ ಒತ್ತಿದರೆ ನಿಲ್ಲುತ್ತದೆ, ಎಡ ಬಾಣದ ಕೀಲಿ ಐದು ಸೆಕೆಂಡ್ ಹಿಂದೆ ಹೋಗುತ್ತದೆ. ಮೊಬೈಲಿನಲ್ಲಿ ಪರದೆಯ ಎಡಭಾಗ ಎರಡು ಸಲ ತಟ್ಟಿದರೆ ಹತ್ತು ಸೆಕೆಂಡ್ ಹಿಂದೆ.

ಇಂಗ್ಲಿಷ್ ಕಷ್ಟ ಅನ್ನುವವರಿಗೆ

ಕನ್ನಡದಲ್ಲಿ ನಿಯಮ ಹೇಳಿಕೊಡುವ ವಿಡಿಯೊಗಳು ಸಿಗುತ್ತವೆ. ಅಲ್ಲಿಂದ ಮುಂದಿನ ಪಾಠಕ್ಕೆ ಬಹುತೇಕ ಇಂಗ್ಲಿಷ್ ಅಥವಾ ಹಿಂದಿಯೇ ಗತಿ. ಹೆದರಬೇಡಿ, ಚೆಸ್ ವಿಡಿಯೊದಲ್ಲಿ ಬರುವ ಮಾತು ಕಡಿಮೆ, ಅವೇ ಮತ್ತೆ ಮತ್ತೆ ಬರುತ್ತವೆ. ವೇಗವನ್ನು 0.75ಕ್ಕೆ ಇಳಿಸಿ, ಕೆಳಗೆ ಅಕ್ಷರ ಬರುವ ಹಾಗೆ ಸಬ್‌ಟೈಟಲ್ ಹಾಕಿಕೊಳ್ಳಿ.

ಈ ಕೆಲವು ಶಬ್ದ ಗೊತ್ತಾದರೆ ಅರ್ಧ ದಾರಿ ಸವೆದ ಹಾಗೆ. ಹ್ಯಾಂಗಿಂಗ್ ಅಂದರೆ ಕಾವಲಿಲ್ಲದ ಕಾಯಿ, ಸುಮ್ನೆ ಹೊಡೆಯಬಹುದು. ಡೆವಲಪ್ ಅಂದರೆ ಹಿಂದಿನ ಸಾಲಿನ ಕಾಯಿಯನ್ನು ಕೆಲಸಕ್ಕೆ ತರುವುದು. ಟ್ರೇಡ್ ಅಂದರೆ ಒಂದು ಕೊಟ್ಟು ಒಂದು ತೆಗೆದುಕೊಳ್ಳುವುದು. ಫೋರ್ಕ್ ಅಂದರೆ ಒಂದೇ ಕಾಯಿ ಒಟ್ಟಿಗೆ ಎರಡರ ಮೇಲೆ ಬೀಳುವುದು, ಬಿಳಿ ಕುದುರೆ ಸಿ7ಕ್ಕೆ ಬಂದು ಇ8ರ ರಾಜನಿಗೆ ಚೆಕ್ ಕೊಟ್ಟು ಎ8ರ ಆನೆಯನ್ನೂ ಹಿಡಿಯುವುದು ಇದರ ಹಳೆಯ ಉದಾಹರಣೆ. ಪಿನ್ ಅಂದರೆ ಹಿಂದೆ ದೊಡ್ಡ ಕಾಯಿ ಇರುವುದರಿಂದ ಮುಂದಿನದು ಅಲ್ಲಾಡಲಾರದ ಸ್ಥಿತಿ. ಸ್ಕ್ಯೂವರ್ ಅಂದರೆ ಅದರ ತಿರುಗು, ಮುಂದಿನ ದೊಡ್ಡದು ಸರಿದಾಗ ಹಿಂದಿನದು ಸಿಕ್ಕಿಬೀಳುತ್ತದೆ. ಬ್ಲಂಡರ್ ಅಂದರೆ ಆಟವನ್ನೇ ಕೆಡಿಸುವ ತಪ್ಪು. ಟೆಂಪೊ ಅಂದರೆ ಒಂದು ನಡೆಯಷ್ಟು ಸಮಯ.

ಯಾವ ಪಾಠ ಮೊದಲು

ಎಲ್ಲರೂ ಓಪನಿಂಗ್‌ನಿಂದ, ಅಂದರೆ ಆಟದ ಆರಂಭದ ನಡೆಗಳಿಂದ ಶುರು ಮಾಡುತ್ತಾರೆ. ನಾನು ಕೊನೆಯಿಂದ ಶುರು ಮಾಡಿ ಅನ್ನುತ್ತೇನೆ. ಬೋರ್ಡಿನ ಮೇಲೆ ಕಾಯಿ ಕಡಿಮೆ ಇದ್ದಾಗ ಒಂದೊಂದರ ಶಕ್ತಿ ಏನು ಅಂತ ಸ್ಪಷ್ಟವಾಗಿ ಕಾಣುತ್ತದೆ.

ಎರಡು ಆನೆ ಇಟ್ಟುಕೊಂಡು ಒಂಟಿ ರಾಜನನ್ನು ಮೆಟ್ಟಿಲು ಮೆಟ್ಟಿಲಾಗಿ ಅಂಚಿಗೆ ತಳ್ಳಿ ಮೇಟ್ ಮಾಡುವುದು ಮೊದಲ ಪಾಠ. ಆಮೇಲೆ ರಾಜ ಮತ್ತು ಮಂತ್ರಿ ಸೇರಿ ಮೇಟ್. ಇಲ್ಲಿ ಒಂದು ಅಪಾಯ ಇದೆ. ಕಪ್ಪು ರಾಜ ಎ8ರ ಮೂಲೆಯಲ್ಲಿ ಒಂಟಿಯಾಗಿದ್ದಾಗ ನಿಮ್ಮ ಮಂತ್ರಿಯನ್ನು ಬಿ6ಕ್ಕೋ ಸಿ7ಕ್ಕೋ ಇಟ್ಟರೆ ಚೆಕ್ ಇಲ್ಲ, ಹೋಗಲು ಮನೆಯೂ ಇಲ್ಲ. ಅದು ಸ್ಟೇಲ್‌ಮೇಟ್, ಆಟ ಡ್ರಾ. ಮೂಲೆಯಲ್ಲಿರುವ ರಾಜನಿಂದ ಕುದುರೆ ನಡೆಯಷ್ಟು ದೂರದಲ್ಲಿ ಮಂತ್ರಿಯನ್ನು ಇಡಬೇಡಿ ಅಂತ ನೆನಪಿಟ್ಟುಕೊಳ್ಳಿ. ಮೂರನೆಯದು ಒಂದು ಆನೆ ಮತ್ತು ರಾಜನಿಂದ ಮೇಟ್, ಇದಕ್ಕೆ ವಾರ ಹಿಡಿಯುತ್ತದೆ, ಹಿಡಿಯಲಿ.

ನಾಲ್ಕನೆಯದು ರಾಜ ಮತ್ತು ಒಂದು ಕಾಲಾಳು. ಬಿಳಿ ರಾಜ ಇ5, ಬಿಳಿ ಕಾಲಾಳು ಇ4, ಕಪ್ಪು ರಾಜ ಇ7 ಇಟ್ಟು ನೋಡಿ. ನಡೆ ಕಪ್ಪಿನದಾದರೆ ಬಿಳಿ ಗೆಲ್ಲುತ್ತದೆ, ನಡೆ ಬಿಳಿಯದಾದರೆ ಡ್ರಾ. ಒಂದೇ ಚಿತ್ರ, ಯಾರ ಸರದಿ ಅನ್ನುವುದರ ಮೇಲೆ ಫಲ ಬದಲಾಗುತ್ತದೆ. ಇದಕ್ಕೆ ಆಪೊಸಿಷನ್ ಅನ್ನುತ್ತಾರೆ. ವಿಡಿಯೊ ಹಾಕುವ ಮೊದಲು ಮನೆಯವರ ಜೊತೆ ಇದನ್ನೇ ಹತ್ತು ಸಲ ಆಡಿ.

ಇದರ ಜೊತೆಗೆ ದಿನಾ ಹದಿನೈದು ನಿಮಿಷ ಪಜಲ್. ಬೇಗ ಬಿಡಿಸುವ ಸ್ಪರ್ಧೆ ಬೇಡ. ಕೊನೆಯ ನಡೆ ತನಕ ತಲೆಯಲ್ಲಿ ನೋಡಿದ ಮೇಲೆ ಮೊದಲ ನಡೆ ಮುಟ್ಟಿ.

ಓಪನಿಂಗ್ ಎಷ್ಟು ಬೇಕು? ಬಹಳ ಕಡಿಮೆ. ಬಿಳಿಯಲ್ಲಿ ಇ4, ಕುದುರೆ ಎಫ್3, ಒಂಟೆ ಸಿ4, ಕ್ಯಾಸ್ಲಿಂಗ್. ಇದಕ್ಕೆ ಇಟಾಲಿಯನ್ ಅಂತ ಹೆಸರು. ಕಪ್ಪಿನಲ್ಲಿ ಅವರು ಇ4 ಆಡಿದರೆ ಇ5, ಡಿ4 ಆಡಿದರೆ ಡಿ5. ಕಾಯಿಗಳನ್ನು ಹೊರಗೆ ತನ್ನಿ, ಒಂದೇ ಕಾಯಿಯನ್ನು ಮೇಲಿಂದ ಮೇಲೆ ನಡೆಸಬೇಡಿ, ಹತ್ತು ನಡೆಯೊಳಗೆ ರಾಜನನ್ನು ಭದ್ರ ಮಾಡಿ. ಆರು ತಿಂಗಳಿಗೆ ಇಷ್ಟು ಸಾಕು.

ಆಡುವುದು ಎಲ್ಲಿ, ಎಷ್ಟು

ಆನ್‌ಲೈನ್‌ನಲ್ಲಿ ಚೆಸ್ ಆಡುವ ತಾಣಗಳಲ್ಲಿ ಲಿಚೆಸ್ ಪೂರ್ತಿ ಉಚಿತ, ಜಾಹೀರಾತು ಇಲ್ಲ, ಜನರ ದೇಣಿಗೆಯಿಂದ ನಡೆಯುತ್ತದೆ. ಪಜಲ್‌ಗೆ ಮಿತಿ ಇಲ್ಲ, ಆಟದ ವಿಶ್ಲೇಷಣೆಯೂ ಉಚಿತ. ಚೆಸ್ ಡಾಟ್ ಕಾಮ್ ನೋಡಲು ಚೆನ್ನಾಗಿದೆ, ಆದರೆ ದುಡ್ಡು ಕೊಡದವರಿಗೆ ಪಜಲ್ ಮತ್ತು ಆಟದ ವಿಮರ್ಶೆ ಲೆಕ್ಕದಷ್ಟೇ ಸಿಗುತ್ತದೆ. ನಾವು ಲಿಚೆಸ್‌ನಲ್ಲೇ ಇದ್ದೇವೆ. ಅಲ್ಲಿ ಹೊಸ ಖಾತೆಗೆ ರೇಟಿಂಗ್ 1500ರಿಂದ ಶುರುವಾಗುತ್ತದೆ, ಹಾಗಾಗಿ ಮೊದಲ ವಾರ ಸೋತು ಸೋತು ಕೆಳಗೆ ಇಳಿಯುತ್ತದೆ. ಅದು ನಿಮ್ಮ ಮಟ್ಟ ಹುಡುಕುವ ರೀತಿ ಅಷ್ಟೇ, ಬೇಜಾರಾಗಬೇಡಿ.

15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಸೇರುವ ಆಟ ಆರಿಸಿ. ಒಂದು ನಿಮಿಷದ, ಮೂರು ನಿಮಿಷದ ಆಟಗಳಲ್ಲಿ ಯೋಚನೆಗೆ ಜಾಗ ಇಲ್ಲ. ವಾರದಲ್ಲಿ ಮೂರು ದಿನ ವಿಡಿಯೊ, ಮೂರು ದಿನ ಒಂದೊಂದೇ ಆಟ, ಒಂದು ದಿನ ಏನೂ ಬೇಡ. ಸೋತ ಸಿಟ್ಟಿನಲ್ಲಿ ಇನ್ನೊಂದು ಆಟ ಶುರು ಮಾಡಬೇಡಿ, ಎದ್ದು ತೋಟದ ಕಡೆ ಒಂದು ಸುತ್ತು ಹೋಗಿ ಬನ್ನಿ.

ಪ್ರತಿ ನಡೆಗೂ ಎರಡು ಪ್ರಶ್ನೆ. ಅವರು ಯಾಕೆ ಅಲ್ಲಿ ಇಟ್ಟರು, ಮುಂದೆ ಏನು ಹೊಡೆಯಲು ನೋಡುತ್ತಿದ್ದಾರೆ? ನಾನು ಇಡಲು ಹೊರಟ ಜಾಗದಲ್ಲಿ ನನ್ನನ್ನು ಯಾರು ಹೊಡೆಯಬಹುದು, ನನಗೆ ಕಾವಲು ಯಾರು? ನಾವಿಬ್ಬರೂ ಇದನ್ನು ಮೊದಮೊದಲು ಜೋರಾಗಿ ಹೇಳಿಕೊಂಡೇ ಆಡುತ್ತಿದ್ದೆವು. ಹೊಸಬರು ಸೋಲುವುದು ದೊಡ್ಡ ಯೋಜನೆ ಇಲ್ಲದ್ದರಿಂದ ಅಲ್ಲ, ಸುಮ್ನೆ ಕಾಯಿ ಕಳೆದುಕೊಳ್ಳುವುದರಿಂದ.

ಸೋತ ಆಟವನ್ನು ಎಸೆಯಬೇಡಿ

ನಿಮಗಾಗಿಯೇ ಮಾಡಿದ ವಿಡಿಯೊ ಅಂದರೆ ನೀವು ಸೋತ ಆಟ. ಅದನ್ನು ಬೋರ್ಡಿನ ಮೇಲೆ ಮತ್ತೆ ಆಡಿ. ಎಲ್ಲಿ ಗೊಂದಲ ಆಯಿತು, ಎಲ್ಲಿ ಆಟ ಕೈತಪ್ಪಿತು ಅಂತ ಮೊದಲು ನೀವೇ ಗುರುತು ಮಾಡಿ, ಬರೆಯಿರಿ. ಅದು ಮುಗಿದ ಮೇಲೆ ಮಾತ್ರ ಎಂಜಿನ್ ಹಾಕಿ.

ಎಂಜಿನ್ ಅಂದರೆ ಕಂಪ್ಯೂಟರಿನ ಲೆಕ್ಕ. ಲಿಚೆಸ್‌ನಲ್ಲಿ ಇರುವುದು ಸ್ಟಾಕ್‌ಫಿಶ್. ಪಕ್ಕದಲ್ಲಿ +1 ಅಂತ ತೋರಿಸಿದರೆ ಬಿಳಿ ಸುಮಾರು ಒಂದು ಕಾಲಾಳಿನಷ್ಟು ಮುಂದೆ ಇದೆ ಅಂತ. ಸಣ್ಣ ಏರಿಳಿತ ಬಿಟ್ಟುಬಿಡಿ. ಅಂಕೆ ಒಮ್ಮೆಲೇ ಮೂರು ನಾಲ್ಕು ಬಿದ್ದ ಜಾಗ ಹುಡುಕಿ, ಆ ಒಂದು ಜಾಗಕ್ಕೆ ಹತ್ತು ನಿಮಿಷ ಕೊಡಿ. ಆಮೇಲೆ ಅದೇ ವಿಷಯದ ವಿಡಿಯೊ ಹುಡುಕಿ ನೋಡಿ. ಹಿಂದಿನ ಸಾಲಿನ ಮೇಟ್‌ನಲ್ಲಿ ಸೋತ ದಿನ ಬ್ಯಾಕ್ ರ‍್ಯಾಂಕ್ ಮೇಟ್ ಪಾಠ ನೋಡಿದರೆ ಅದು ಜನ್ಮಕ್ಕೂ ಮರೆಯುವುದಿಲ್ಲ. ಮುಂದೆ ಯಾವ ವಿಡಿಯೊ ಅನ್ನುವುದನ್ನು ಯೂಟ್ಯೂಬ್ ಹೇಳಬಾರದು, ನಿಮ್ಮ ಸೋಲು ಹೇಳಬೇಕು.

ಗುಕೇಶ್ ತಮ್ಮ ಕೋಚ್ ವಿಷ್ಣು ಪ್ರಸನ್ನ ಅವರ ಹತ್ತಿರ ಕಲಿಯುವಾಗ ಸುಮಾರು 2500 ರೇಟಿಂಗ್ ಮುಟ್ಟುವ ತನಕ ಎಂಜಿನ್ ಇಲ್ಲದೇ ಬೆಳೆದವರು. ನಮಗೂ ಮೊದಲ ಯೋಚನೆ ನಮ್ಮದಾಗಿದ್ದರೆ ಒಳ್ಳೆಯದು. ಆಟ ನಡೆಯುತ್ತಿರುವಾಗ ಎಂಜಿನ್ ನೋಡುವುದು ಮೋಸ, ಖಾತೆ ಮುಚ್ಚುತ್ತಾರೆ. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿ.

ಮಳೆ, ಕರೆಂಟು, ನೆಟ್‌ವರ್ಕ್

ಜೂನ್ ಬಂತು ಅಂದರೆ ನಮ್ಮ ಕಡೆ ಕರೆಂಟಿನ ಗ್ಯಾರಂಟಿ ಇಲ್ಲ, ಟವರ್ ಇದ್ದರೂ ಸಿಗ್ನಲ್ ಇಲ್ಲ. ಪೇಟೆಗೆ ಹೋದಾಗ ವಾರಕ್ಕೆ ಬೇಕಾದ ಮೂರು ವಿಡಿಯೊ ಯೂಟ್ಯೂಬ್ ಆ್ಯಪ್‌ನಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕಡಿಮೆ ಗುಣಮಟ್ಟದಲ್ಲಿ ಸಾಕು, ಬೋರ್ಡು ಕಂಡರೆ ಆಯಿತು. ಲಿಚೆಸ್ ಆ್ಯಪ್ ಒಂದಿಷ್ಟು ಪಜಲ್ ಮೊದಲೇ ಇಳಿಸಿಕೊಳ್ಳುತ್ತದೆ, ನೆಟ್ ಇಲ್ಲದಾಗ ಅವನ್ನು ಬಿಡಿಸಬಹುದು, ಕಂಪ್ಯೂಟರಿನ ಜೊತೆ ಆಡಲೂಬಹುದು. ಗುಡುಗು ಶುರುವಾದ ಸಂಜೆ ರೇಟಿಂಗ್ ಆಟಕ್ಕೆ ಕೂರಬೇಡಿ, ಸಂಪರ್ಕ ಕಡಿದರೂ ಗಡಿಯಾರ ಓಡುತ್ತಲೇ ಇರುತ್ತದೆ.

ನಿಜ ಹೇಳಬೇಕೆಂದರೆ ನಾವು ಜಾಸ್ತಿ ಕಲಿತದ್ದು ಮಳೆಗಾಲದಲ್ಲೇ. ವಾರಕ್ಕೆ ಮೂರೇ ವಿಡಿಯೊ ಕೈಯಲ್ಲಿದ್ದಾಗ ಒಂದೊಂದನ್ನೂ ನಾಲ್ಕು ನಾಲ್ಕು ಸಲ ನೋಡಿದೆವು, ಜಗಲಿಯಲ್ಲಿ ಚಾರ್ಜರ್ ಲೈಟಿನ ಕೆಳಗೆ ಬೋರ್ಡು ಹಾಸಿಕೊಂಡು ಅದರ ಆಟಗಳನ್ನೇ ಮತ್ತೆ ಮತ್ತೆ ಇಟ್ಟೆವು.

ಮಕ್ಕಳ ಜೊತೆ ಕಲಿಯುವವರಿಗೆ ಎರಡು ಮಾತು

ಲಿಚೆಸ್‌ನಲ್ಲಿ ಮಕ್ಕಳ ಖಾತೆಗೆ ಕಿಡ್ ಮೋಡ್ ಇದೆ, ಅದನ್ನು ಹಾಕಿದರೆ ಅಪರಿಚಿತರ ಜೊತೆ ಮಾತುಕತೆ ಬಂದ್. ವಿಡಿಯೊ ನಿಲ್ಲಿಸುವ ಕೆಲಸ ಮಗುವಿನ ಕೈಯಲ್ಲಿರಲಿ, ಎಲ್ಲಿ ನಿಲ್ಲಿಸಬೇಕು ಅಂತ ಅದೇ ಕಂಡುಹಿಡಿಯಲಿ. ಮಗು ನಿಮಗಿಂತ ಬೇಗ ಮುಂದೆ ಹೋಗುತ್ತದೆ. ನನ್ನ ಅಕ್ಕನ ಮಗಳು ಈಗ ಹತ್ತರಲ್ಲಿ ಏಳು ಆಟ ನನ್ನ ಮೇಲೆ ಗೆಲ್ಲುತ್ತಾಳೆ, ಗೆದ್ದ ಮೇಲೆ "ಮಾವ, ಇಲ್ಲಿ ಯಾಕೆ ಹಾಗೆ ಇಟ್ಟೆ?" ಅಂತ ಕೂತು ಕೇಳುತ್ತಾಳೆ. ಆ ಪ್ರಶ್ನೆ ಯಾವ ವಿಡಿಯೊಗಿಂತಲೂ ನನಗೆ ಜಾಸ್ತಿ ಕಲಿಸಿದೆ.

ಮೊದಲ ಟೂರ್ನಮೆಂಟ್

ಆರೆಂಟು ತಿಂಗಳು ಆದ ಮೇಲೆ ಎದುರು ಕೂತು ಆಡುವ ಒಂದು ಟೂರ್ನಮೆಂಟಿಗೆ ಹೋಗಿ. ಶಿವಮೊಗ್ಗ ಚೆಸ್‌ಗೆ ಹೊಸ ಊರೇನಲ್ಲ, ಗ್ರ್ಯಾಂಡ್‌ಮಾಸ್ಟರ್ ಜಿ.ಎ. ಸ್ಟ್ಯಾನಿ ಇಲ್ಲಿಯವರೇ. ಸಾಮಾನ್ಯವಾಗಿ ಸ್ವಿಸ್ ಪದ್ಧತಿ ಇರುತ್ತದೆ, ಅಂದರೆ ಸೋತರೂ ಹೊರಗೆ ಹೋಗುವುದಿಲ್ಲ, ಎಲ್ಲಾ ಸುತ್ತೂ ಆಡಬಹುದು, ನಿಮ್ಮಷ್ಟೇ ಅಂಕ ಇರುವವರು ಎದುರಿಗೆ ಬರುತ್ತಾರೆ.

ಪರದೆ ಮೇಲೆ ಕಲಿತವರಿಗೆ ಅಲ್ಲಿ ಕೆಲವು ಹೊಸದು. ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಕ್ಯಾಸ್ಲಿಂಗ್ ಮಾಡುವಾಗ ಮೊದಲು ರಾಜನನ್ನು ಮುಟ್ಟಬೇಕು, ಆನೆಯನ್ನಲ್ಲ. ಯಾವ ಕೈಯಲ್ಲಿ ಕಾಯಿ ನಡೆಸಿದಿರೋ ಅದೇ ಕೈಯಲ್ಲಿ ಗಡಿಯಾರ ಒತ್ತಬೇಕು. ಮೊಬೈಲ್ ಒಳಗೆ ತರುವ ಹಾಗಿಲ್ಲ. ಮನೆಯಲ್ಲಿ ಬೋರ್ಡಿನ ಮೇಲೆ ಅಭ್ಯಾಸ ಮಾಡಿದ್ದರೆ ಇದೆಲ್ಲ ಸುಲಭ, ಬರೀ ಪರದೆ ನೋಡಿದವರಿಗೆ ಅಲ್ಲಿ ಬೋರ್ಡೇ ಬೇರೆ ಥರ ಕಾಣುತ್ತದೆ.

ಆಡುತ್ತಾ ನಡೆಗಳನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಗಡಿಯಾರ ಬಿಗಿಯಾದಾಗ ಬಿಟ್ಟುಹೋದರೆ ಪರವಾಗಿಲ್ಲ, ನೆನಪಿರುವಷ್ಟನ್ನು ಆಟ ಮುಗಿದ ಕೂಡಲೇ ಸೇರಿಸಿ. ಒಂದು ಪ್ಲಾಸ್ಟಿಕ್ ಕವರ್ ಒಯ್ದಿರಿ, ಹಾಳೆಗಳನ್ನು ಅದರೊಳಗೆ ಹಾಕಿಕೊಂಡು ಬನ್ನಿ. ನಮ್ಮ ಮೊದಲ ಟೂರ್ನಮೆಂಟಿನ ಐದು ಆಟ ಬರೆದ ಹಾಳೆ ಬಸ್‌ ಸ್ಟ್ಯಾಂಡಿನಿಂದ ಮನೆಗೆ ನಡೆಯುವಷ್ಟರಲ್ಲಿ ಮಳೆಗೆ ನೆನೆದು ಶಾಯಿ ಹರಡಿಹೋಯಿತು. ಮೂರು ಆಟ ಹೇಗೋ ನೆನಪಿನಿಂದ ಮತ್ತೆ ಇಟ್ಟೆವು, ಇನ್ನೆರಡು ಸಿಗಲೇ ಇಲ್ಲ.